ಮನಿ ಪ್ಲಾಂಟ್ ಸೊರಗುತ್ತಿದೆಯೇ? ಕುಂಡದಿಂದ ಎಲೆಯವರೆಗೆ ದೋಷ ಹುಡುಕುವ ಕ್ರಮ

ಎಲೆ ಹಳದಿಯಾಯಿತು ಎಂದ ಕೂಡಲೇ ಕೈ ನೀರಿನ ಮಗ್ಗಿನ ಕಡೆ ಹೋಗುತ್ತದೆ. ಮನೆಯೊಳಗಿನ ಮನಿ ಪ್ಲಾಂಟ್ ಬಹುಪಾಲು ಸಾಯುವುದು ಆ ಮಗ್ಗಿನಿಂದಲೇ. ನೀರು ಹೆಚ್ಚಾದರೂ ಎಲೆ ಹಳದಿಯಾಗುತ್ತದೆ, ಕಡಿಮೆಯಾದರೂ ಆಗುತ್ತದೆ. ಮಣ್ಣು ಒಣಗಿದರೂ ಬಳ್ಳಿ ಬಾಡುತ್ತದೆ, ಬೇರು ಕೊಳೆತರೂ ಬಾಡುತ್ತದೆ. ಮೇಲಿನಿಂದ ನೋಡಿದರೆ ಎರಡೂ ಒಂದೇ, ಮದ್ದು ಮಾತ್ರ ತದ್ವಿರುದ್ಧ. ಹಾಗಾಗಿ ಇಲ್ಲಿ ಹೇಳುವ ಕ್ರಮ ಹೀಗೆ: ಮೊದಲು ಕುಂಡ ನೋಡಿ, ಆಮೇಲೆ ಬೇರು, ಕೊನೆಗೆ ಎಲೆ.

ಮನಿ ಪ್ಲಾಂಟ್ ಎಂದರೆ ಇಲ್ಲಿ ಹೃದಯದಾಕಾರದ ಎಲೆಯ ಎಪಿಪ್ರೆಮ್ನಮ್ ಆರಿಯಂ. ನರ್ಸರಿಗಳಲ್ಲಿ ಗೋಲ್ಡನ್, ಮಾರ್ಬಲ್ ಕ್ವೀನ್, ನಿಯಾನ್, ಎನ್‌ಜಾಯ್ ಎಂಬ ಹೆಸರುಗಳಲ್ಲಿ ಸಿಗುವವೆಲ್ಲ ಇದರ ತಳಿಗಳೇ. ಮೂಲ ಶಾಂತಸಾಗರದ ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ದ್ವೀಪ. ಕುಟುಂಬ ನಮ್ಮ ಕೆಸು, ಸುವರ್ಣಗಡ್ಡೆಗಳದ್ದು. ನಾವು ಇದನ್ನು ತೂಗುಕುಂಡದಲ್ಲಿಟ್ಟು ಜೋತುಬಿಡುತ್ತೇವೆ, ಆದರೆ ಹುಟ್ಟಿನಿಂದ ಇದು ಮರ ಹತ್ತುವ ಬಳ್ಳಿ. ಕರಾವಳಿ, ಮಲೆನಾಡಿನ ಕಡೆ ತೆಂಗಿನ ಮರ ಹತ್ತಿದ ಮನಿ ಪ್ಲಾಂಟಿನ ಎಲೆ ಮೊರದಗಲ ಬೆಳೆದು ಅಂಚು ಸೀಳಿಕೊಂಡಿರುವುದನ್ನು ನೋಡಬಹುದು. ಮರದ ಸಿಪ್ಪೆಗೆ ಅಂಟಿ, ಮಳೆಯಲ್ಲಿ ನೆನೆದು, ಗಾಳಿಯಲ್ಲಿ ಬೇಗ ಆರುವ ಬೇರು ಇದರದ್ದು. ಗಾಳಿಯಾಡದ ಹಸಿಮಣ್ಣಿನಲ್ಲಿ ಅದು ಉಸಿರುಕಟ್ಟುತ್ತದೆ. ಮುಂದೆ ಬರುವ ಅರ್ಧದಷ್ಟು ದೋಷಗಳ ಮೂಲ ಇಲ್ಲಿದೆ.

ನೀರು ಹಾಕುವ ಮೊದಲು

ಕುಂಡವನ್ನು ಎತ್ತಿ ನೋಡಿ. ಚೆನ್ನಾಗಿ ನೀರು ಕುಡಿದ ದಿನ ಒಮ್ಮೆ, ಪೂರ್ತಿ ಒಣಗಿದ ದಿನ ಒಮ್ಮೆ ಎತ್ತಿದರೆ ಸಾಕು, ಆಮೇಲೆ ತೂಕ ಕೈಗೇ ಗೊತ್ತಾಗುತ್ತದೆ. ಬಾಡಿದ ಬಳ್ಳಿಯ ಕುಂಡ ಹಗುರವಾಗಿದ್ದರೆ ಅದು ಬಾಯಾರಿಕೆ. ಬಾಡಿದ ಬಳ್ಳಿಯ ಕುಂಡ ಭಾರವಾಗಿದ್ದರೆ ಬೇರು ಕೆಟ್ಟಿದೆ ಎಂದೇ ಲೆಕ್ಕ ಹಾಕಿ, ಒಂದು ಹನಿ ನೀರನ್ನೂ ಹಾಕಬೇಡಿ.

ತೂಗುಕುಂಡವನ್ನು ಇಳಿಸಲು ಆಗದಿದ್ದರೆ ಬಿದಿರಿನ ಕಡ್ಡಿಯೊಂದನ್ನು ತಳ ಮುಟ್ಟುವವರೆಗೆ ಇಳಿಸಿ 10 ನಿಮಿಷ ಬಿಟ್ಟು ತೆಗೆಯಿರಿ. ತೇವ ಇರುವಲ್ಲಿ ಕಡ್ಡಿಯ ಬಣ್ಣ ಗಾಢವಾಗಿ ಮಣ್ಣು ಅಂಟಿರುತ್ತದೆ. ತೆಂಗಿನ ಗರಿಯ ಕಡ್ಡಿ ಇದಕ್ಕೆ ಆಗದು, ಅದು ನಯವಾಗಿರುವುದರಿಂದ ನೀರು ಹೀರುವುದಿಲ್ಲ. ಬೆರಳಿನ ಪರೀಕ್ಷೆ ಒಳ್ಳೆಯದೇ, ಆದರೆ ಅದು ಮೇಲಿನ 2 ಇಂಚಿನ ಸುದ್ದಿ ಮಾತ್ರ ಹೇಳುತ್ತದೆ. ಮೇಲೆ ಧೂಳಿನಂತೆ ಒಣಗಿದ್ದು ತಳದಲ್ಲಿ ಕೆಸರಾಗಿರುವ ಕುಂಡಗಳೇ ಹೆಚ್ಚು ಮೋಸ ಮಾಡುವುದು.

ಆಮೇಲೆ ತಳದ ತೂತು. ಪ್ಲಾಸ್ಟಿಕ್ ತೂಗುಕುಂಡಗಳಲ್ಲಿ ತೂತಿನ ಗುರುತು ಮಾತ್ರ ಇದ್ದು, ಅದನ್ನು ನಾವೇ ಒತ್ತಿ ತೆರೆಯಬೇಕಾದ ಮಾದರಿಗಳಿವೆ. ಎಷ್ಟೋ ಮನೆಗಳಲ್ಲಿ ಅದು ವರ್ಷಗಟ್ಟಲೆ ಮುಚ್ಚಿಯೇ ಇರುತ್ತದೆ. ಕೆಲವು ಕುಂಡಗಳ ತಳಕ್ಕೆ ತಟ್ಟೆ ಅಂಟಿಕೊಂಡೇ ಬರುತ್ತದೆ, ಅದರಲ್ಲಿ ನಿಂತ ನೀರು ಕಣ್ಣಿಗೆ ಬೀಳುವುದಿಲ್ಲ. ಪಿಂಗಾಣಿ ಕುಂಡವಾದರೆ ಒಳಗಿನ ಪ್ಲಾಸ್ಟಿಕ್ ಕುಂಡವನ್ನು ಎತ್ತಿ ಕೆಳಗೆ ನೀರು ನಿಂತಿದೆಯೇ ನೋಡಿ. ತೂತು ಇಲ್ಲದಿದ್ದರೆ ಕಾಯಿಸಿದ ಮೊಳೆಯಿಂದ ಪ್ಲಾಸ್ಟಿಕ್ಕಿಗೆ 8 ಮಿ.ಮೀ. ಅಗಲದ ನಾಲ್ಕೈದು ತೂತು ಮಾಡಿ. 6 ಇಂಚಿನ ಕುಂಡಕ್ಕೆ ಅಷ್ಟು ಬೇಕೇ ಬೇಕು. ಮೊಳೆಯನ್ನು ಇಕ್ಕಳದಲ್ಲಿ ಹಿಡಿಯಿರಿ, ಕಿಟಕಿ ತೆರೆದಿರಲಿ, ಹೊಗೆ ಕುಡಿಯಬೇಡಿ.

ಹಳದಿ ಎಲೆ: ಯಾವ ಎಲೆ, ಎಷ್ಟು ಎಲೆ

ಬಳ್ಳಿಯ ಬುಡದ ಒಂದು ಎಲೆ ಆಗೊಮ್ಮೆ ಈಗೊಮ್ಮೆ ಹಳದಿಯಾಗಿ ಉದುರಿದರೆ ಅದು ಮುಪ್ಪು. ಕಿತ್ತು ಹಾಕಿ, ಮರೆತುಬಿಡಿ.

ಬುಡದ ಕಡೆಯ ನಾಲ್ಕೈದು ಎಲೆ ಒಂದೇ ವಾರದಲ್ಲಿ ಹಳದಿಯಾಗಿ, ಮುಟ್ಟಿದರೆ ಮೆತ್ತಗಿದ್ದು, ಮಣ್ಣು ಹಸಿಯಾಗಿದ್ದರೆ ನೀರು ಹೆಚ್ಚಾಗಿದೆ. ಮಣ್ಣಿನ ಸಂದುಗಳಲ್ಲಿ ಗಾಳಿಯ ಜಾಗವನ್ನು ನೀರು ಹಿಡಿದಾಗ ಬೇರಿಗೆ ಆಮ್ಲಜನಕ ಸಿಗುವುದಿಲ್ಲ. ಮೊದಲು ಬೇರಿನ ತುದಿ ಸಾಯುತ್ತದೆ. ಸತ್ತ ಬೇರಿಗೆ ಪಿಥಿಯಂ, ಫೈಟಾಫ್ತೊರಾದಂಥ ರೋಗಾಣುಗಳು ಹತ್ತುತ್ತವೆ. ಅಡಿಕೆಗೆ ಕೊಳೆರೋಗ, ಕಾಳುಮೆಣಸಿಗೆ ಬುಡಕೊಳೆ ತರುವುದೂ ಈ ಫೈಟಾಫ್ತೊರಾ ಗುಂಪೇ, ಹಾಗಾಗಿ ಮಲೆನಾಡಿನವರಿಗೆ ಇದರ ಮಳೆಗಾಲದ ಚಾಳಿ ಹೊಸದೇನಲ್ಲ. ಬೇರು ಇಲ್ಲದ ಮೇಲೆ ಎಲೆಗೆ ನೀರು ಏರುವುದಿಲ್ಲ, ಬಳ್ಳಿ ಬಾಡುತ್ತದೆ. ಬಾಡಿತೆಂದು ಮನೆಯವರು ಇನ್ನೊಂದು ಮಗ್ಗು ಸುರಿಯುತ್ತಾರೆ.

ಎಲೆ ಒಳಮುಖವಾಗಿ ಸುರುಳಿಯಾಗಿ, ತುದಿ ಅಂಚು ಕಂದು ಬಣ್ಣಕ್ಕೆ ತಿರುಗಿ ಹಪ್ಪಳದಂತಾಗಿದ್ದು, ಕುಂಡ ಹಗುರವಾಗಿದ್ದರೆ ಅದು ಒಣಗಿದ್ದರಿಂದ ಆದದ್ದು. ಇದು ಸುಲಭದ ಕೇಸು. ಬಕೆಟ್ಟಿನಲ್ಲಿ ಕುಂಡದ ಮುಕ್ಕಾಲು ಎತ್ತರಕ್ಕೆ ನೀರು ತುಂಬಿ 30 ನಿಮಿಷ ಕುಂಡವನ್ನು ಅದರಲ್ಲಿ ಕೂರಿಸಿ, ತೆಗೆದು ಪೂರ್ತಿ ಸೋರಿಸಿ. ಸಂಜೆಯೊಳಗೆ ಎಲೆ ಎದ್ದು ನಿಲ್ಲುತ್ತದೆ. ಮೇಲಿನಿಂದ ಸುರಿಯುವುದಕ್ಕಿಂತ ಇದೇ ಮೇಲು, ಏಕೆಂದರೆ ತೆಂಗಿನ ನಾರಿನ ಪುಡಿ ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಗೋಡೆ ಬಿಡುತ್ತದೆ. ಸುರಿದ ನೀರು ಆ ಸಂದಿನಲ್ಲೇ ಹರಿದು ತಟ್ಟೆಗೆ ಬೀಳುತ್ತದೆ, ನಡುವಿನ ಉಂಡೆ ಒಣಗಿಯೇ ಉಳಿಯುತ್ತದೆ. ‘ದಿನಾ ನೀರು ಹಾಕ್ತೀನಿ, ಆದರೂ ಬಾಡುತ್ತೆ’ ಎನ್ನುವವರ ಕುಂಡದಲ್ಲಿ ಒಮ್ಮೊಮ್ಮೆ ಆಗಿರುವುದು ಇದೇ.

ಹಳೆಯ ಎಲೆಗಳೆಲ್ಲ ಸಮನಾಗಿ ಪೇಲವವಾಗಿ, ಹೊಸ ಎಲೆ ಸಣ್ಣದಾಗುತ್ತಾ, ಬೇರು ಮಾತ್ರ ಗಟ್ಟಿಯಾಗಿದ್ದರೆ ಸಾರಜನಕದ ಕೊರತೆ. ಎರಡು ಮೂರು ವರ್ಷ ಅದೇ ಮಣ್ಣಿನಲ್ಲಿರುವ ಗಿಡದಲ್ಲಿ ಇದು ಸಾಮಾನ್ಯ. ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನದು) ಲೀಟರಿಗೆ 1 ಗ್ರಾಂನಂತೆ ಕರಗಿಸಿ, ಒದ್ದೆ ಮಣ್ಣಿಗೆ, ಮೂರ್ನಾಲ್ಕು ವಾರಕ್ಕೊಮ್ಮೆ ಕೊಡಿ. ಇಲ್ಲವೇ ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು. ಹಳೆಯ ಎಲೆಯಲ್ಲಿ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಮೆಗ್ನೀಸಿಯಂ ಕಡಿಮೆಯಾಗಿದೆ, ಎಪ್ಸಮ್ ಉಪ್ಪು ಲೀಟರಿಗೆ 1 ಗ್ರಾಂ. ಅದೇ ಲಕ್ಷಣ ಹೊಸ ಚಿಗುರಿನಲ್ಲಿ ಕಂಡರೆ ಕಬ್ಬಿಣ ಸಿಗುತ್ತಿಲ್ಲ, ಇದರ ಹಿಂದೆ ಹೆಚ್ಚಾಗಿ ಗಡಸು ನೀರು ಇರುತ್ತದೆ. ಕೊಳೆತ ಬೇರಿನ ಗಿಡಕ್ಕೆ ಮಾತ್ರ ಯಾವ ಗೊಬ್ಬರವನ್ನೂ ಕೊಡಬೇಡಿ, ಉಪ್ಪಿನಂಶ ಉಳಿದ ಬೇರನ್ನೂ ಸುಡುತ್ತದೆ.

ಚಹಾ ಚರಟ, ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ ಇವೆಲ್ಲ ಅಂಗಳದ ಗಿಡಕ್ಕೆ ಇರಲಿ. ಮನೆಯೊಳಗಿನ ಸಣ್ಣ ಕುಂಡದಲ್ಲಿ ಅವು ಹುದುಗಿ, ವಾಸನೆ ಹಿಡಿದು, ಮಣ್ಣಿನ ನೊಣ ಸಾಕುತ್ತವೆ.

ಬೇರು ಬಿಚ್ಚಿ ನೋಡುವುದು

ಭಾರವಾದ ಕುಂಡ, ಬಾಡಿದ ಬಳ್ಳಿ ಎಂದರೆ ಬೇರು ನೋಡದೆ ಬೇರೆ ದಾರಿಯಿಲ್ಲ. ಹೆದರಬೇಡಿ, ಈ ಗಿಡ ಅಷ್ಟು ಸೂಕ್ಷ್ಮವಲ್ಲ. ಕುಂಡವನ್ನು ಓರೆ ಮಾಡಿ ಸುತ್ತ ತಟ್ಟಿ, ಬಳ್ಳಿಗಳ ಬುಡವನ್ನು ಒಟ್ಟಾಗಿ ಹಿಡಿದು ಮಣ್ಣಿನ ಉಂಡೆ ಸಮೇತ ಜಾರಿಸಿ. ಆರೋಗ್ಯದ ಬೇರು ಬಿಳಿ ಇಲ್ಲವೇ ತಿಳಿ ಕೆನೆ ಬಣ್ಣ, ಗಟ್ಟಿ. ನಾರಿನ ಪುಡಿಯಲ್ಲಿ ಬೆಳೆದದ್ದು ಸ್ವಲ್ಪ ಕಂದು ಹಿಡಿದಿರಬಹುದು, ಹಾಗಾಗಿ ಬಣ್ಣಕ್ಕಿಂತ ಗಟ್ಟಿತನವನ್ನೇ ನಂಬಿ. ಕೊಳೆತದ್ದನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಹೊರಸಿಪ್ಪೆ ಲೋಳೆಯಾಗಿ ಕೈಗೆ ಬಂದು, ಒಳಗಿನ ಸಣ್ಣ ದಾರ ಮಾತ್ರ ಉಳಿಯುತ್ತದೆ. ಮೂಗಿಗೂ ಗೊತ್ತಾಗುತ್ತದೆ, ಚರಂಡಿ ವಾಸನೆ.

ಹಳೆಯ ಮಣ್ಣನ್ನು ಪೂರ್ತಿ ತೊಳೆದು ಹಾಕಿ. ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕೊಳೆತ ಬೇರನ್ನೆಲ್ಲ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ಬುಡದ ಕಾಂಡ ಕಪ್ಪಾಗಿ ಮೆತ್ತಗಾಗಿದ್ದರೆ ಅದನ್ನೂ ತೆಗೆಯಿರಿ, ಅಡ್ಡಕೊಯ್ತದಲ್ಲಿ ಕಂದು ಚುಕ್ಕೆ ಕಾಣದ ಕಡೆ ನಿಲ್ಲಿಸಿ. ಈಗ ಲೆಕ್ಕ ನೋಡಿ. ಅರ್ಧಕ್ಕಿಂತ ಹೆಚ್ಚು ಬೇರು ಉಳಿದಿದ್ದರೆ ಬಳ್ಳಿಯನ್ನೂ ಅದೇ ಪ್ರಮಾಣಕ್ಕೆ ಸವರಿ, ಹೊಸ ಮಿಶ್ರಣದಲ್ಲಿ, ಮೊದಲಿಗಿಂತ ಸಣ್ಣ ಕುಂಡದಲ್ಲಿ ನೆಡಿ. ಬೇರಿನ ಉಂಡೆಗಿಂತ ಸುತ್ತ 1 ಇಂಚು ಜಾಗ ಸಾಕು. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ಹಸಿಯಾಗಿಯೇ ಕೂತು ಮತ್ತೆ ಕೊಳೆಸುತ್ತದೆ. ಮೂರನೇ ಒಂದು ಭಾಗವೂ ಉಳಿದಿಲ್ಲ ಎಂದಾದರೆ ಬುಡದ ಆಸೆ ಬಿಟ್ಟು ತುದಿಯ ಬಳ್ಳಿಯನ್ನು ತುಂಡು ಮಾಡಿ ಬೇರು ಬರಿಸಿ, ಕೆಲಸ ಬೇಗ ಆಗುತ್ತದೆ. ಗಾಯಕ್ಕೆ ದಾಲ್ಚಿನ್ನಿ ಪುಡಿ, ಅರಿಶಿನ ಹಚ್ಚುವ ಪದ್ಧತಿ ಇದೆ. ಹಚ್ಚಿದರೆ ತಪ್ಪಿಲ್ಲ, ಆದರೆ ಗಿಡ ಉಳಿಸುವುದು ಕತ್ತರಿ ಮತ್ತು ಗಾಳಿಯಾಡುವ ಮಣ್ಣು.

ನೆಟ್ಟ ಮೇಲೆ ಒಮ್ಮೆ ನೀರು ಕೊಟ್ಟು, ಬಿಸಿಲು ತಾಗದ ಬೆಳಕಿನ ಜಾಗದಲ್ಲಿಡಿ. ಆರು ವಾರ ಗೊಬ್ಬರ ಬೇಡ. ಇನ್ನೂ ಒಂದೆರಡು ಎಲೆ ಉದುರಬಹುದು, ಹೊಸ ಕುಡಿ ಬಿಚ್ಚಿಕೊಂಡರೆ ಗೆದ್ದಂತೆ.

ಮಣ್ಣಿನ ಮಿಶ್ರಣ ಮತ್ತು ನೀರಿನ ಅಳತೆ

ಬೆಂಗಳೂರು ಸುತ್ತಲಿನ ನರ್ಸರಿಗಳಿಂದ ತರುವ ಗಿಡದ ಬುಡದಲ್ಲಿ ಹೆಚ್ಚಾಗಿ ಇರುವುದು ಜಿಗುಟು ಕೆಂಪುಮಣ್ಣು. ಬಿಸಿಲಿನ ನರ್ಸರಿಯಲ್ಲಿ ಅದು ದಿನಾ ಆರುತ್ತದೆ, ಮನೆಯ ಮೂಲೆಯಲ್ಲಿ ವಾರವಾದರೂ ಆರದು. ಒಣಗಿದರೆ ಇಟ್ಟಿಗೆ. ತಂದು ಎರಡು ವಾರ ಹೊಂದಿಕೊಳ್ಳಲು ಬಿಟ್ಟು, ಆ ಉಂಡೆಯನ್ನು ನೀರಿನಲ್ಲಿ ನೆನೆಸಿ ಮಣ್ಣು ಬಿಡಿಸಿ ಹೊಸ ಮಿಶ್ರಣಕ್ಕೆ ನೆಡುವುದು ಒಳ್ಳೆಯದು. ಅಳತೆ: ತೆಂಗಿನ ನಾರಿನ ಪುಡಿ 2 ಪಾಲು, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 1 ಪಾಲು, ನೀರು ಬಸಿಯುವ ಒರಟು ವಸ್ತು 1 ಪಾಲು. ಒರಟು ವಸ್ತುವಾಗಿ ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು ಸಿಕ್ಕರೆ ಸರಿ. ಇಲ್ಲದಿದ್ದರೆ ಸುಟ್ಟ ಭತ್ತದ ಹೊಟ್ಟು, ಕಡಲೆಕಾಳು ಗಾತ್ರದ ಇಟ್ಟಿಗೆ ಚೂರು, ಇದ್ದಿಲು. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ಮೇಲೆ ಉಳಿದ ಒರಟನ್ನಷ್ಟೇ ತೆಗೆದುಕೊಳ್ಳಿ, ಅದರ ನುಣುಪು ಪುಡಿ ಸಿಮೆಂಟಿನ ಹಾಗೆ ಕೂರುತ್ತದೆ. ನಾರಿನ ಇಟ್ಟಿಗೆಯನ್ನು ನೆನೆಸಿದ ಮೊದಲ ನೀರು ಚೆಲ್ಲಿ, ಇನ್ನೆರಡು ಸಲ ತೊಳೆದು ಹಿಂಡಿ. ತೊಳೆಯದ ನಾರಿನಲ್ಲಿ ಉಪ್ಪಿರುತ್ತದೆ.

ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಆಗುವುದು ಬೇರೆ. ಸಣ್ಣ ಸಂದಿನ ಮಣ್ಣಿನಿಂದ ದೊಡ್ಡ ಸಂದಿನ ಜಲ್ಲಿಗೆ ನೀರು ಸಲೀಸಾಗಿ ಇಳಿಯುವುದಿಲ್ಲ, ಮಣ್ಣು ಪೂರ್ತಿ ನೆನೆದ ಮೇಲಷ್ಟೇ ತೊಟ್ಟಿಕ್ಕುತ್ತದೆ. ಅಂದರೆ ಜಲ್ಲಿ ಹಾಕಿದಷ್ಟೂ ಕೆಸರಿನ ಪದರ ಮೇಲೇರಿ ಬೇರಿಗೆ ಹತ್ತಿರವಾಗುತ್ತದೆ. ತೂತಿನ ಮೇಲೆ ಒಂದು ಚೂರು ಸೊಳ್ಳೆ ಪರದೆ ಸಾಕು.

ನೀರು ಎಷ್ಟು ದಿನಕ್ಕೊಮ್ಮೆ ಎಂದು ಕೇಳುವವರಿಗೆ ಕ್ಯಾಲೆಂಡರಿನ ಉತ್ತರ ಕೊಡುವುದು ಕಷ್ಟ, ಆದರೂ ಅಂದಾಜು ಹೇಳಬಹುದು. 6 ಇಂಚಿನ ಕುಂಡ, ಮೇಲಿನ ಮಿಶ್ರಣ, ಪೂರ್ವದ ಕಿಟಕಿ ಎಂದಿಟ್ಟುಕೊಂಡರೆ, ಬೆಂಗಳೂರು, ಮೈಸೂರಿನಲ್ಲಿ ಏಪ್ರಿಲ್ ಹೊತ್ತಿಗೆ ನಾಲ್ಕು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಎಂಟು ಹತ್ತು ದಿನಕ್ಕೊಮ್ಮೆ. ಮಂಗಳೂರು, ಉಡುಪಿಯ ಜುಲೈನಲ್ಲಿ ಎರಡು ವಾರ ಕಳೆದರೂ ಮಣ್ಣು ಆರದೆ ಇರಬಹುದು. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಎರಡು ದಿನಕ್ಕೇ ಒಣಗಬಹುದು. ಕೊಡುವಾಗ ತಳದಿಂದ ಸೋರುವವರೆಗೆ ಕೊಡಿ, ಅರ್ಧ ಗಂಟೆಯ ಮೇಲೆ ತಟ್ಟೆಯ ನೀರು ಚೆಲ್ಲಿ, ಮತ್ತೆ ಮೇಲಿನ 2 ಇಂಚು ಒಣಗುವವರೆಗೆ ಮುಟ್ಟಬೇಡಿ. ದಿನಾ ಅರ್ಧ ಲೋಟ ಹಾಕುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು. ಒಂದೋ ಮೇಲ್ಪದರ ಸದಾ ಹಸಿ, ಇಲ್ಲವೇ ತಳ ಸದಾ ಒಣ.

ಎಲೆಯ ತುದಿ ಕಂದು, ಮಣ್ಣಿನ ಮೇಲೆ ಬಿಳಿ ಪೊರೆ

ಬೇರು ಗಟ್ಟಿ, ನೀರಿನ ಕ್ರಮವೂ ಸರಿ, ಆದರೂ ಎಲೆಯ ತುದಿ ಸುಡುತ್ತಿದೆ ಎಂದರೆ ನೀರಿನ ಉಪ್ಪನ್ನು ಅನುಮಾನಿಸಿ. ಬೋರ್‌ವೆಲ್ ನೀರು ಆರಿದಲ್ಲೆಲ್ಲ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ವ್ಯರ್ಥವಾಗಬಾರದೆಂದು ಗಿಡಕ್ಕೆ ಹಾಕುವವರಿದ್ದಾರೆ. ಆ ನೀರಿನಲ್ಲಿ ಉಪ್ಪು ಮೂಲ ನೀರಿಗಿಂತ ಹೆಚ್ಚು, ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಅಪಾರ್ಟ್‌ಮೆಂಟಿನವರು ಇನ್ನೊಂದು ಸಂಗತಿ ಕೇಳಿ ತಿಳಿದುಕೊಳ್ಳಬೇಕು: ಕಟ್ಟಡಕ್ಕೆ ವಾಟರ್ ಸಾಫ್ಟನರ್ ಇದೆಯೇ? ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ. ಬಕೆಟ್ಟಿನಲ್ಲಿ ಕಲೆ ಕಟ್ಟುವುದಿಲ್ಲ, ಸೋಪು ಚೆನ್ನಾಗಿ ನೊರೆ ಬರುತ್ತದೆ, ಗಿಡ ಮಾತ್ರ ನಿಧಾನವಾಗಿ ಸೊರಗುತ್ತದೆ.

ಪರಿಹಾರಕ್ಕೆ ಕುಂಡದ ಗಾತ್ರದ ಮೂರರಷ್ಟು ಒಳ್ಳೆಯ ನೀರನ್ನು, ಮಳೆನೀರು ಸಿಕ್ಕರೆ ಇನ್ನೂ ಉತ್ತಮ, ನಿಧಾನವಾಗಿ ಸುರಿದು ತಳದಿಂದ ಹರಿದುಹೋಗಲು ಬಿಡಿ. ಎರಡು ಮೂರು ತಿಂಗಳಿಗೊಮ್ಮೆ ಇದು ನಡೆಯಲಿ. ಕಂದಾದ ತುದಿ ಮತ್ತೆ ಹಸಿರಾಗದು. ನೋಡಲು ಅಸಹ್ಯವೆನಿಸಿದರೆ ಎಲೆಯ ಆಕಾರಕ್ಕೇ ಕತ್ತರಿಸಿ, ಹಸಿರು ಭಾಗಕ್ಕೆ ತಾಗದಂತೆ ಕೂದಲೆಳೆಯಷ್ಟು ಕಂದು ಉಳಿಸಿ.

ಎಸಿಯ ಗಾಳಿ ನೇರ ಬೀಸುವಲ್ಲಿಯೂ ತುದಿ ಒಣಗುತ್ತದೆ. ಚಳಿದೇಶಗಳಲ್ಲಿರುವವರ ಮನೆಯಲ್ಲಿ ಹೀಟರಿನ ಬಿಸಿಗಾಳಿ ಮಾಡುವುದೂ ಅದನ್ನೇ. ಅಲ್ಲಿ ಚಳಿಗಾಲದಲ್ಲಿ ಎಲೆ ಕಿಟಕಿಯ ಗಾಜಿಗೆ ತಾಗದಂತೆಯೂ ನೋಡಿಕೊಳ್ಳಬೇಕು. 10 ಡಿಗ್ರಿಗಿಂತ ಕೆಳಗೆ ಈ ಗಿಡದ ಎಲೆ ಕಪ್ಪಾಗಿ ಸಾಯುತ್ತದೆ, 15ರ ಕೆಳಗೆ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ.

ಬಳ್ಳಿ ಮಾರುದ್ದ, ಎಲೆ ಅಂಗೈಯಷ್ಟೂ ಇಲ್ಲ

ಎರಡು ಎಲೆಗಳ ನಡುವಿನ ಅಂತರ ಅಳೆಯಿರಿ. ಒಳ್ಳೆಯ ಬೆಳಕಿನಲ್ಲಿ 2–3 ಇಂಚು ಇರುವುದು, ಕತ್ತಲ ಮೂಲೆಯಲ್ಲಿ 5–6 ಇಂಚಿಗೆ ಹಿಗ್ಗುತ್ತದೆ. ಬಳ್ಳಿ ಬೆಳಕು ಹುಡುಕಿ ಓಡುತ್ತಿದೆ ಎಂದರ್ಥ. ‘ಕತ್ತಲಲ್ಲೂ ಬೆಳೆಯುವ ಗಿಡ’ ಎಂದು ಮಾರುತ್ತಾರೆ. ಕತ್ತಲಲ್ಲಿ ಅದು ಬದುಕುತ್ತದೆ ಅಷ್ಟೇ, ಬೆಳೆಯುವುದಿಲ್ಲ. ಹಗಲು ದೀಪ ಹಾಕದೆ ದಿನಪತ್ರಿಕೆ ಓದಲಾಗದ ಜಾಗ ಇದಕ್ಕೂ ಸಾಲದು. ಪೂರ್ವ ಅಥವಾ ಉತ್ತರದ ಕಿಟಕಿಯಿಂದ 3–4 ಅಡಿಯೊಳಗೆ ಇಡಿ.

ಬೆಳಕು ಸಾಕಷ್ಟಿದ್ದೂ ಎಲೆ ಸಣ್ಣದಾಗುತ್ತಿದ್ದರೆ ಅದು ಜೋತುಬಿದ್ದ ಬಳ್ಳಿಯ ಸ್ವಭಾವ. ಆಸರೆ ಸಿಕ್ಕಿ ಮೇಲೇರಿದಾಗ ಎಲೆ ದೊಡ್ಡದಾಗುತ್ತದೆ, ಕೆಳಗಿಳಿದಾಗ ಚಿಕ್ಕದಾಗುತ್ತದೆ. ದೊಡ್ಡ ಎಲೆ ಬೇಕಿದ್ದರೆ ಪ್ರತಿ ಗಿಣ್ಣಿನ ಗಾಳಿಬೇರು ತಾಗುವಂತೆ ಬಳ್ಳಿಯನ್ನು ತೆಂಗಿನ ನಾರು ಸುತ್ತಿದ ಕೋಲಿಗೆ ಕಟ್ಟಿ, ಕೋಲನ್ನು ಒದ್ದೆಯಾಗಿಡಿ. ಒಣಕೋಲಿಗೆ ಬೇರು ಹಿಡಿಯುವುದಿಲ್ಲ, ಹಾಗಾದರೆ ಅದು ಬರೀ ಊರುಗೋಲು. ಯಾವ ಗೊಬ್ಬರವೂ ಜೋತುಬಿದ್ದ ಬಳ್ಳಿಯಲ್ಲಿ ಮರ ಹತ್ತಿದ ಬಳ್ಳಿಯ ಎಲೆ ತರಲಾರದು.

ತೂಗುಕುಂಡದ ಬಾಯಿ ಬೋಳಾಗಿ, ಕೆಳಗೆ ನಾಲ್ಕೈದು ಉದ್ದ ಬಾಲ ಮಾತ್ರ ಉಳಿಯುವುದು ಇನ್ನೊಂದು ದೂರು. ತುದಿಯ ಕುಡಿ ಇರುವಷ್ಟು ದಿನ ಅದು ಕೆಳಗಿನ ಗಿಣ್ಣುಗಳ ಮೊಗ್ಗನ್ನು ಮಲಗಿಸಿಟ್ಟಿರುತ್ತದೆ. ಕುಡಿ ಕತ್ತರಿಸಿದರೆ ಅವು ಏಳುತ್ತವೆ. ಮೇ ಕೊನೆಯಿಂದ ಜುಲೈವರೆಗೆ ಇದಕ್ಕೆ ತಕ್ಕ ಕಾಲ. ಬಳ್ಳಿಗಳನ್ನು ಮಣ್ಣಿನಿಂದ ಎರಡು ಮೂರು ಗಿಣ್ಣು ಬಿಟ್ಟು ಸವರಿ, ಎಲ್ಲವನ್ನೂ ಒಂದೇ ದಿನ ಬೇಡ, ಅರ್ಧದಷ್ಟು ಈಗ, ಚಿಗುರಿದ ಮೇಲೆ ಉಳಿದರ್ಧ. ಕತ್ತರಿಸಿದ ಬಳ್ಳಿಯನ್ನು ತುಂಡು ಮಾಡುವಾಗ ಪ್ರತಿ ತುಂಡಿನಲ್ಲೂ ಒಂದು ಗಿಣ್ಣು, ಅದರ ಕಂದು ಬೇರುಮೊಳಕೆ, ಒಂದು ಎಲೆ ಇರಲಿ. ಗಿಣ್ಣಿನ ಆಚೀಚೆ 1 ಇಂಚು ಕಾಂಡ. ಗಿಣ್ಣಿಲ್ಲದ ಎಲೆ ನೀರಿನಲ್ಲಿ ತಿಂಗಳುಗಟ್ಟಲೆ ಹಸಿರಾಗಿದ್ದು ಆಸೆ ತೋರಿಸುತ್ತದೆ, ಗಿಡವಾಗುವುದಿಲ್ಲ. ತುಂಡುಗಳನ್ನು ಕುಂಡದ ಬೋಳು ಜಾಗದಲ್ಲೇ ಗಿಣ್ಣು ಮಣ್ಣಿಗೆ ತಾಗುವಂತೆ ಊರಿ ತೇವ ಕಾಯ್ದರೆ ಎರಡು ಮೂರು ವಾರದಲ್ಲಿ ಬೇರು ಹಿಡಿಯುತ್ತದೆ. ಕತ್ತರಿಸಲು ಮನಸ್ಸಿಲ್ಲದವರು ಉದ್ದ ಬಳ್ಳಿಯನ್ನೇ ಮೇಲಕ್ಕೆ ತಂದು ಮಣ್ಣಿನ ಮೇಲೆ ಸುರುಳಿ ಸುತ್ತಿ, ಹೇರ್‌ಪಿನ್ನಿನಿಂದ ಗಿಣ್ಣುಗಳನ್ನು ಚುಚ್ಚಿಡಬಹುದು.

ಬಣ್ಣ ಕೆಟ್ಟರೆ

ಗೋಲ್ಡನ್, ಮಾರ್ಬಲ್ ಕ್ವೀನ್ ತಳಿಗಳಲ್ಲಿ ಹಳದಿ ಬಿಳಿ ಮಚ್ಚೆ ಮಾಯವಾಗಿ ಪೂರ್ತಿ ಹಸಿರಾಗುವುದಕ್ಕೆ ಮೊದಲ ಕಾರಣ ಕಡಿಮೆ ಬೆಳಕು. ಬೆಳಕು ಹೆಚ್ಚಿಸಿದ ಮೇಲೆ ಬರುವ ಎಲೆ ನೋಡಿ, ಹಳೆಯ ಎಲೆ ಬದಲಾಗುವುದಿಲ್ಲ. ಒಂದು ಕವಲು ಮಾತ್ರ ಹಸಿರಾಗಿದ್ದರೆ ಕೊನೆಯ ಮಚ್ಚೆ ಎಲೆಯವರೆಗೆ ಸವರಿ. ಹಸಿರು ಕವಲು ಬೇಗ ಬೆಳೆದು ಉಳಿದವನ್ನು ಮುಚ್ಚುತ್ತದೆ. ಪೂರ್ತಿ ಬಿಳಿ ಎಲೆಗಳ ಕವಲೂ ಉಳಿಯದು, ಅದರಲ್ಲಿ ಆಹಾರ ತಯಾರಿಸುವ ಹಸಿರೇ ಇಲ್ಲ.

ಎಲೆಯ ನಡುವೆ ಕಾಗದದಂಥ ಬಿಳಿಚು ಮಚ್ಚೆ, ಅದೂ ಕಿಟಕಿ ಕಡೆಯ ಎಲೆಗಳಲ್ಲೇ ಬಂದಿದ್ದರೆ ಬಿಸಿಲು ಸುಟ್ಟಿದೆ. ಫೆಬ್ರವರಿಯಿಂದ ಪಶ್ಚಿಮದ ಬಾಲ್ಕನಿಯಲ್ಲಿ ಇದು ಖಂಡಿತ. ತೆಳು ಪರದೆ ಎಳೆಯಿರಿ.

ಚುಕ್ಕೆ, ಜಿಗುಟು, ಬೂದಿ

ನೀರಿನಲ್ಲಿ ನೆನೆದಂತೆ ಕಾಣುವ ಕಡುಗಪ್ಪು ಮಚ್ಚೆ, ಸುತ್ತ ಹಳದಿ ಉಂಗುರ, ದಿನೇದಿನೇ ದೊಡ್ಡದಾಗುತ್ತಿದ್ದರೆ ಬ್ಯಾಕ್ಟೀರಿಯಾದ ಎಲೆಚುಕ್ಕೆ ಇರಬಹುದು. ಗಾಳಿಯಾಡದ ಮಳೆಗಾಲದ ಮನೆಗಳಲ್ಲಿ, ಎಲೆಗೆ ನೀರು ಸಿಂಪಡಿಸುವ ಶೋಕಿ ಇರುವಲ್ಲಿ ಬರುತ್ತದೆ. ಆ ಎಲೆಗಳನ್ನು ತೊಟ್ಟು ಸಮೇತ ತೆಗೆದು ಕಸಕ್ಕೆ ಹಾಕಿ, ಕತ್ತರಿಯನ್ನು ಪ್ರತಿ ಸಲ ಸ್ಪಿರಿಟ್ಟಿನಲ್ಲಿ ಒರೆಸಿ, ಸಿಂಪಡಿಸುವುದು ನಿಲ್ಲಿಸಿ, ಕುಂಡಗಳನ್ನು ಬಿಡಿಬಿಡಿಯಾಗಿಡಿ. ಮನೆಯೊಳಗೆ ಔಷಧಿ ಹೊಡೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಗಿಣ್ಣಿನ ಸಂದಿನಲ್ಲಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ. ಕುಂಡದ ಸುತ್ತ ಇರುವೆ ಸಾಲು ಇದ್ದರೆ ಅದನ್ನು ಹುಡುಕಿಯೇ ನೋಡಿ, ತಿಗಣೆ ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತದೆ. ಕಿವಿ ಹತ್ತಿಕಡ್ಡಿಯನ್ನು 70 ಶೇಕಡಾ ಐಸೊಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ. ಆಮೇಲೆ 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, 2 ಮಿ.ಲೀ. ದ್ರವ ಸೋಪು. ಸೋಪನ್ನು ಮೊದಲು ಎಣ್ಣೆಗೆ ಕಲಸಿ ಆಮೇಲೆ ನೀರು ಸೇರಿಸಿ, ಇಲ್ಲದಿದ್ದರೆ ಎಣ್ಣೆ ತೇಲುತ್ತದೆ. ಸಂಜೆ, ಎಲೆಯ ಅಡಿಭಾಗಕ್ಕೆ, ವಾರಕ್ಕೊಮ್ಮೆಯಂತೆ ಮೂರು ಸಲ. ಒಂದೇ ಸಲಕ್ಕೆ ನಿಲ್ಲಿಸಿದರೆ ಮೊಟ್ಟೆಯಿಂದ ಬಂದ ಮರಿಗಳು ಮತ್ತೆ ಶುರು ಮಾಡುತ್ತವೆ.

ಎಲೆಯ ಮೇಲೆ ಸೂಜಿಮೊನೆಯಷ್ಟು ತಿಳಿ ಚುಕ್ಕೆಗಳು, ಅಡಿಯಲ್ಲಿ ಸಣ್ಣ ಬಲೆ ಇದ್ದರೆ ಮೈಟ್ ನುಸಿ. ಬೇಸಿಗೆಯ ಒಣಹವೆಯ ಕೀಟ ಇದು, ನಲ್ಲಿಯ ಕೆಳಗೆ ಜೋರಾಗಿ ತೊಳೆದರೆ ಅರ್ಧ ಕೆಲಸ ಮುಗಿಯುತ್ತದೆ. ಬೆಳ್ಳಿಯಂಥ ಗೀರು, ಅದರ ಮೇಲೆ ಕಪ್ಪು ಚುಕ್ಕೆ ಎಂದರೆ ಥ್ರಿಪ್ಸ್. ಎರಡಕ್ಕೂ ಅದೇ ಬೇವಿನ ಮಿಶ್ರಣ. ಮಣ್ಣಿನಿಂದೇಳುವ ಸಣ್ಣ ಕಪ್ಪು ನೊಣ ಗಿಡಕ್ಕಿಂತ ಮನೆಯವರಿಗೆ ಹೆಚ್ಚು ಕಾಟ. ಮೇಲಿನ 2 ಇಂಚು ಮಣ್ಣು ಒಣಗಲು ಬಿಟ್ಟು, ಹಳದಿ ಅಂಟುಕಾರ್ಡು ಚುಚ್ಚಿಡಿ.

ಬಾಟಲಿಯಲ್ಲಿ ಬೆಳೆಸಿದವರಿಗೆ

ನೀರಿನಲ್ಲಿರುವ ಬಳ್ಳಿ ಕೆಲವು ತಿಂಗಳ ಮೇಲೆ ಪೇಲವವಾದರೆ ಹಸಿವು ಎಂದರ್ಥ. 19:19:19 ಗೊಬ್ಬರವನ್ನು ಲೀಟರಿಗೆ ಕಾಲು ಗ್ರಾಂನಂತೆ ತಿಂಗಳಿಗೊಮ್ಮೆ ಹಾಕಿ. ಪಾರದರ್ಶಕ ಬಾಟಲಿಯಲ್ಲಿ ಪಾಚಿ ಕಟ್ಟುವುದು ಬೆಳಕಿನಿಂದ, ಕಾಗದ ಸುತ್ತಿ ಅಥವಾ ಬಣ್ಣದ ಗಾಜಿಗೆ ಬದಲಿಸಿ. ಒಂದೆರಡು ಗಿಣ್ಣು ಮಾತ್ರ ನೀರಿನಲ್ಲಿರಲಿ, ಎಲೆ ಮುಳುಗಿದರೆ ಕೊಳೆತು ನೀರು ನಾರುತ್ತದೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ತಿಳಿನೀರಿನ ಬಾಟಲಿಯೇ ಪ್ರಿಯ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ, ಆದ್ದರಿಂದ ವಾರಕ್ಕೊಮ್ಮೆ ನೀರು ಬದಲಿಸಲೇಬೇಕು. ಬದಲಿಸುವಾಗ ಬಾಟಲಿಯ ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಿ. ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ತುಸು ಮೇಲೆ ಅಂಟಿಕೊಂಡಿದ್ದು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಬಾಯಿಗೆ ಹತ್ತಿ ತುರುಕುವುದೂ ಒಳ್ಳೆಯದು. ತೂಗುಕುಂಡದ ತಟ್ಟೆಗೂ ಇದೇ ನಿಯಮ.

ನೀರಿನಿಂದ ಮಣ್ಣಿಗೆ ಬದಲಿಸಿದ ಗಿಡ ಮುಖ ಬಾಡಿಸಿಕೊಳ್ಳುವುದು ಸಹಜ. ನೀರಿನ ಬೇರು ಮಣ್ಣಿನ ಒಣಹವೆಗೆ ಒಗ್ಗಿರುವುದಿಲ್ಲ. ಬೇರು 2–3 ಇಂಚು ಇರುವಾಗಲೇ ಬದಲಿಸಿ, ಮೊದಲ ಎರಡು ವಾರ ಮಣ್ಣನ್ನು ಎಂದಿಗಿಂತ ಹಸಿಯಾಗಿಟ್ಟು, ಆಮೇಲೆ ನಿಧಾನವಾಗಿ ಒಣಗುವ ಅಂತರ ಹೆಚ್ಚಿಸಿ.

ದೋಷವಲ್ಲದವು

ಬೆಳಿಗ್ಗೆ ಎಲೆಯ ತುದಿಯಲ್ಲಿ ನೀರಹನಿ ನಿಂತಿರುವುದು ರೋಗವಲ್ಲ. ರಾತ್ರಿ ಬೇರು ಏರಿಸಿದ ನೀರು ತುದಿಯಿಂದ ಹೊರಬಂದದ್ದು. ದಿನಾ ಬರುತ್ತಿದ್ದರೆ ಮಣ್ಣು ತುಸು ಹೆಚ್ಚು ಹಸಿಯಿದೆ ಎಂಬ ಸುಳಿವು. ಗಿಣ್ಣಿನ ಕಂದು ಮೊಳಕೆ ಕೀಟವಲ್ಲ, ಗಾಳಿಬೇರು. ಬಳ್ಳಿ ಸವರಿದ ಕೈ ತುರಿಸಿದರೆ ಅದು ಕೆಸುವಿನ ವಂಶದ ಗುಣ: ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿವೆ. ಸೋಪಿನಲ್ಲಿ ತೊಳೆಯಿರಿ, ಕಣ್ಣು ಮುಟ್ಟಬೇಡಿ. ಬೆಕ್ಕು, ನಾಯಿ, ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಬಳ್ಳಿ ನೆಲಕ್ಕೆ ತಾಗದಂತೆ ಕಟ್ಟಿ. ಅಗಿದರೆ ಬಾಯಿ ಗಂಟಲು ಉರಿದು ಊದಿಕೊಳ್ಳುತ್ತದೆ.

ಹೂ ಬಿಡಲಿಲ್ಲವೆಂಬ ಚಿಂತೆಯೂ ಬೇಡ. ಹೂ ಅರಳಲು ಬೇಕಾದ ಜಿಬ್ಬರೆಲಿನ್ ಹಾರ್ಮೋನನ್ನು ತಯಾರಿಸುವ ಜೀನ್ ಈ ಗಿಡದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲವೆಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೊರಗಿನಿಂದ ಆ ಹಾರ್ಮೋನು ಸಿಂಪಡಿಸಿದಾಗ ಹೂ ಬಂತು. ಹೂ ಬರಿಸುವ ಗೊಬ್ಬರವೆಂದು ಯಾರಾದರೂ ಪ್ಯಾಕೆಟ್ ಕೊಟ್ಟರೆ ಅದು ದಾಸವಾಳದ ಕುಂಡಕ್ಕೆ ಹೋಗಲಿ.